ಮ್ಯಾನೇಜರ್ ಯಾರ ಕಡೆಯವನು? ಅಲಿ ಕಾಯ್ದೆ, ನನಗೆ ಅರ್ಥ ಆದಷ್ಟು

ನಾಳಿದ್ದು ಕ್ರೀಡಾ ಕಾನೂನಿನ ಪರೀಕ್ಷೆ. ಅಮೆರಿಕದ ಬಾಕ್ಸಿಂಗ್ ಕಾಯ್ದೆಯ ಒಂದೇ ಸಾಲಿನಲ್ಲಿ ಎರಡು ದಿನ ಸಿಕ್ಕಿಬಿದ್ದಿದ್ದೆ. ಮರೆಯುವ ಮುಂಚೆ ಬರೆದಿಡುತ್ತೇನೆ.

ಹಿನ್ನೆಲೆ ಸುಲಭ. 1947ರಲ್ಲಿ ಬಿಲ್ಲಿ ಫಾಕ್ಸ್ ಎದುರು ಬೇಕೆಂದೇ ಸೋತೆ ಅಂತ ಬಾಕ್ಸರ್ ಜೇಕ್ ಲಮೋಟಾ 1960ರಲ್ಲಿ ಸೆನೆಟ್ ಸಮಿತಿ ಮುಂದೆ ಒಪ್ಪಿಕೊಂಡ. 1996ರ ಕಾಯ್ದೆ ಬಾಕ್ಸರ್‌ಗಳ ಸುರಕ್ಷತೆಗೆ. ಹಣದ ಮೋಸ ತಡೆಯಲು 2000ದಲ್ಲಿ ಮುಹಮ್ಮದ್ ಅಲಿ ಹೆಸರಿನ ತಿದ್ದುಪಡಿ ಬಂತು.

ಈಗ ನನ್ನ ತಲೆನೋವು. ಪ್ರಮೋಟರ್ ಪಂದ್ಯ ನಡೆಸುವವನು, ಬಾಕ್ಸರ್‌ಗೆ ದುಡ್ಡು ಕೊಡುವವನು. ಮ್ಯಾನೇಜರ್ ಬಾಕ್ಸರ್ ಪರವಾಗಿ ಚೌಕಾಶಿ ಮಾಡುವವನು. ಒಬ್ಬನ ವ್ಯವಹಾರದಲ್ಲಿ ಇನ್ನೊಬ್ಬನಿಗೆ ಪಾಲು ಇರಬಾರದು, ನೇರವಾಗಿಯೂ, ಮರೆಯಲ್ಲಿಯೂ.

ಇದು ತಲೆಗೆ ಹೋಗಿದ್ದು ಶಿರಸಿಯ ಅಡಿಕೆ ವಖಾರಿ ನೆನಪಾದಾಗ. ಒಂದು ವರ್ಷ ಅಪ್ಪಯ್ಯ ಆರು ಚೀಲ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಾಟಕ್ಕೆ ಇಟ್ಟಿದ್ದರು. ಪಕ್ಕದ ರಾಶಿಗಿಂತ ದರ ಕಡಿಮೆ ಬಿತ್ತು. ಅಪ್ಪಯ್ಯ ಒಂದು ಹಿಡಿ ಅಡಿಕೆ ಎತ್ತಿ, ಒಂದನ್ನು ಕತ್ತರಿಸಿ ಒಳಗೆ ನೋಡಿದರು. ಚೊಕ್ಕ ಬಿಳಿ. ಆಮೇಲೆ ಗೊತ್ತಾಗಿದ್ದು, ಖರೀದಿ ಮಾಡಿದವನು ನಮ್ಮ ದಲಾಲಿಯವನ ಭಾವ! ನಮಗೆ ದರ ಏರಿಸಿ ಕೊಡಬೇಕಾದವನೇ ಇಳಿಸಿ ಲಾಭ ಮಾಡಿಕೊಂಡ. ಬಾಕ್ಸಿಂಗ್‌ನಲ್ಲೂ ಇದೇ ಕಥೆ, ಅಲ್ವಾ?

ಆದರೆ ನಾನು ಎಡವಿದ್ದು ಇದರ ಮುಂದೆ. ಮ್ಯಾನೇಜರ್ ಪ್ರಮೋಟರ್‌ನಿಂದ ಹಣ ಪಡೆಯಬಾರದು ಅಂತಾರೆ. ಬಾಕ್ಸರ್‌ನ ಸಂಭಾವನೆ ಬರುವುದೇ ಪ್ರಮೋಟರ್ ಕಡೆಯಿಂದ, ಅದರಲ್ಲಿ ಮ್ಯಾನೇಜರ್‌ಗೂ ಪಾಲು. ಹಾಗಾದರೆ ಎಲ್ಲ ಮ್ಯಾನೇಜರ್‌ಗಳೂ ತಪ್ಪಿತಸ್ಥರಾ? ಅಲ್ಲ. ಬಾಕ್ಸರ್ ಜೊತೆ ಮಾಡಿಕೊಂಡ ಕರಾರಿನ ಪ್ರಕಾರ ಬರುವ ಪಾಲಿಗೆ ವಿನಾಯಿತಿ ಇದೆ. ನಮ್ಮ ಬಿಲ್ಲಿನಲ್ಲಿ ಮುರಿದುಕೊಂಡ ದಲಾಲಿ ಸರಿ. ಖರೀದಿದಾರ ಹಿಂಬಾಗಿಲಿನಲ್ಲಿ ಕೊಟ್ಟದ್ದು ತಪ್ಪು. ಇಷ್ಟೇ, ಸುಮ್ನೆ ಎರಡು ದಿನ ಹಾಳು!

ಉಳಿದದ್ದು ಬೇಗ: ಪಂದ್ಯದಿಂದ ತನಗೆಷ್ಟು ಬರುತ್ತದೆ ಅಂತ ಪ್ರಮೋಟರ್ ಬಾಕ್ಸರ್‌ಗೆ ಹೇಳಲೇಬೇಕು. ‘ಈ ಪಂದ್ಯ ಬೇಕಾದರೆ ಮುಂದಿನವೂ ನನ್ನ ಕೈಲೇ’ ಅಂತ ಬರೆಸಿಕೊಳ್ಳುವ ಕರಾರಿಗೆ 12 ತಿಂಗಳ ಮಿತಿ. ರ‍್ಯಾಂಕಿಂಗ್ ಕೊಡುವ ಸಂಸ್ಥೆಗಳು ಅದಕ್ಕೆ ಬಳಸುವ ಮಾನದಂಡ ಬಹಿರಂಗ ಮಾಡಬೇಕು.

ಒಂದು ಸಾಲು ಎಲ್ಲರೂ ಬಿಡುತ್ತಾರೆ. ಮ್ಯಾನೇಜರ್-ಪ್ರಮೋಟರ್ ನಡುವಿನ ಈ ಗೋಡೆ 10 ಅಥವಾ ಹೆಚ್ಚು ಸುತ್ತಿನ ಪಂದ್ಯ ಆಡುವವರಿಗೆ ಮಾತ್ರ. ನಾಲ್ಕು, ಆರು ಸುತ್ತು ಆಡುವ ಹೊಸ ಹುಡುಗರು ಹೊರಗೆ. ಮೋಸ ಹೋಗುವುದು ಅವರೇ ಜಾಸ್ತಿ ಅಂತ ನನಗನಿಸುತ್ತದೆ. ಅಂಚಿನಲ್ಲಿ 10 ಅಂತ ಬರೆದು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದೇನೆ.