ಲೆನ್ಸ್‌ಗಿಂತ ಮೊದಲು ದಿಕ್ಕು

ಕಟ್ಟಡಗಳ ಫೋಟೊ ತೆಗೆಯುವುದು ನನ್ನ ಕಸುಬು ಎಂದು ಗೊತ್ತಾದ ಕೂಡಲೇ ಹೊಸಬರು ಕೇಳುವ ಮೊದಲ ಪ್ರಶ್ನೆ, 'ಯಾವ ಲೆನ್ಸ್ ಸಾರ್?' ಕೆಲಸ ಒಪ್ಪಿಕೊಳ್ಳುವ ಮುಂಚೆ ನಾನು ಆರ್ಕಿಟೆಕ್ಟ್ ಹತ್ತಿರ ಕೇಳುವುದು ಬೇರೆ ಎರಡು ಪ್ರಶ್ನೆ. ಕಟ್ಟಡದ ಮುಖ ಯಾವ ದಿಕ್ಕಿಗೆ? ಚಿತ್ರ ಯಾವ ತಿಂಗಳಲ್ಲಿ ಬೇಕು? ನಮ್ಮೂರಲ್ಲಿ ವಾಸ್ತುವಿನ ದಯೆಯಿಂದ ಮೊದಲ ಪ್ರಶ್ನೆಗೆ ಮಾಲೀಕರೇ ಥಟ್ಟನೆ ಉತ್ತರ ಕೊಡುತ್ತಾರೆ. ಹೊರದೇಶದ ಕೆಲಸವಾದರೆ ನಕ್ಷೆ ತರಿಸಿಕೊಂಡು ನಾನೇ ನೋಡಿಕೊಳ್ಳಬೇಕು. ಈ ಎರಡು ಉತ್ತರ ಕೈಯಲ್ಲಿದ್ದರೆ ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಚಳಿಗಾಲದಲ್ಲಿ ದಿನವಿಡೀ ನೆರಳಲ್ಲೇ ಇರುವ ಉತ್ತರದ ಗೋಡೆಗೆ ಆಗ ಓರೆ ಬಿಸಿಲು ಸಿಗುತ್ತದೆ. ಆದರೆ ಜೂನ್ ಬಂತೆಂದರೆ ಮೋಡ. ಹೀಗಾಗಿ ಉತ್ತರಕ್ಕೆ ಮುಖ ಮಾಡಿದ ಕಟ್ಟಡಕ್ಕೆ ನಮ್ಮಲ್ಲಿ ಮೇ ತಿಂಗಳ ಬೆಳಗಿನಂಥ ಹೊತ್ತು ಇನ್ನೊಂದಿಲ್ಲ. ಅದೇ ಕಟ್ಟಡವನ್ನು ಡಿಸೆಂಬರ್‌ನಲ್ಲಿ ತೆಗೆಯಿರಿ ಎಂದರೆ, ಗೋಡೆ ಕಪ್ಪಗೆ, ಅದರ ಹಿಂದಿನ ಆಕಾಶ ಬೆಳ್ಳಗೆ. ಕಂಪ್ಯೂಟರ್ ಮುಂದೆ ಕೂತು ಎಷ್ಟು ಎಳೆದಾಡಿದರೂ ಅದು ಬೇಯುವ ಬೇಳೆಯಲ್ಲ.

ಲಂಡನ್‌ಗೆ ಹೋದರೆ ಲೆಕ್ಕ ಪೂರ್ತಿ ಬೇರೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಹಗಲಿಗೂ ಸೂರ್ಯ ಏರುವುದು 15 ಡಿಗ್ರಿಯಷ್ಟೇ. ನಮ್ಮಲ್ಲಿ ಹೊತ್ತು ಹುಟ್ಟಿ ಗಂಟೆ ಕಳೆದ ಮೇಲೆ ಸಿಗುವ ಓರೆ ಬೆಳಕು ಅವರಿಗೆ ಮಧ್ಯಾಹ್ನ ಹನ್ನೆರಡಕ್ಕೆ ಸಿಗುತ್ತದೆ. ಕೇಳಲು ಚೆನ್ನ. ಆದರೆ ಇಕ್ಕಟ್ಟಾದ ಬೀದಿಗಳಲ್ಲಿ ಎದುರಿನ ಕಟ್ಟಡದ ನೆರಳು ನಿಮ್ಮ ಕಟ್ಟಡದ ಸೊಂಟದವರೆಗೆ ಏರಿ ಕೂತಿರುತ್ತದೆ. ಬಿಸಿಲು ಬಿದ್ದ ಮೇಲಿನ ಮಹಡಿಗಳನ್ನಷ್ಟೇ ತೆಗೆಯುವುದೋ, ಇಲ್ಲಾ ಮೋಡದ ದಿನ ಕಾಯುವುದೋ ನೀವೇ ತೀರ್ಮಾನಿಸಬೇಕು.

ಉತ್ತರ ಗೋಳಾರ್ಧದಲ್ಲಿ ಪಳಗಿದವರನ್ನು ನಿಜಕ್ಕೂ ಕಾಡುವುದು ಸಿಡ್ನಿ. ಅಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ನಡುಹಗಲಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ಕಾಯುತ್ತ ನಿಂತರೆ ನಿಂತೇ ಇರಬೇಕು. ಯೋರ್ನ್ ಉಟ್ಸನ್ ವಿನ್ಯಾಸದ ಒಪೇರಾ ಹೌಸ್ ತೆರೆದದ್ದು 1973ರಲ್ಲಿ. ಅದರ ಚಿಪ್ಪಿನಾಕಾರದ ಚಾವಣಿಗಳ ಮೇಲೆ 10 ಲಕ್ಷಕ್ಕೂ ಹೆಚ್ಚು ಹೆಂಚುಬಿಲ್ಲೆಗಳಿವೆ, ಸ್ವೀಡನ್‌ನಲ್ಲಿ ಮಾಡಿಸಿ ತಂದವು. ದೂರದಿಂದ ಎಲ್ಲವೂ ಒಂದೇ ಬಿಳುಪು. ಹತ್ತಿರ ಹೋದರೆ ಹೊಳಪಿನ ಬಿಳಿ ಒಂದು, ಹೊಳಪಿಲ್ಲದ ಕೆನೆಬಣ್ಣ ಇನ್ನೊಂದು. ಈ ವ್ಯತ್ಯಾಸ ಚಿತ್ರದಲ್ಲಿ ಕಾಣದಿದ್ದರೆ ಉಟ್ಸನ್ ಪಟ್ಟ ಪಾಡೆಲ್ಲ ಹೋಯಿತು. ಪ್ರವಾಸಿಗರು ಮಿಸೆಸ್ ಮ್ಯಾಕ್ವಾರಿ ಪಾಯಿಂಟ್‌ನಿಂದ ಸಂಜೆ ತೆಗೆಯುವ ಚಿತ್ರ ನಿಮಗೂ ಗೊತ್ತು: ಹಿಂದೆ ಸೇತುವೆ, ಕೆಂಪು ಆಕಾಶ, ನಡುವೆ ಕಪ್ಪು ಆಕೃತಿ. ಪೋಸ್ಟ್‌ಕಾರ್ಡ್‌ಗೆ ಸಾಕು. ಆ ಜಾಗ ಕಟ್ಟಡದ ಪೂರ್ವಕ್ಕಿದೆ, ಹಾಗಾಗಿ ಹೆಂಚಿನ ಕತೆ ಹೇಳಬೇಕಾದವರು ಅಲ್ಲಿಗೆ ಬೆಳಿಗ್ಗೆ ಹೋಗಬೇಕು. ಬೆಳಕು ಬೆನ್ನಹಿಂದಿನಿಂದ ಬರುತ್ತದೆ, ಹೊಳಪಿನ ಹೆಂಚು ಮಿಂಚುತ್ತದೆ, ಹೊಳಪಿಲ್ಲದ್ದು ಸುಮ್ಮನಿರುತ್ತದೆ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕು, ಸ್ವಲ್ಪ ಕಡಿಮೆಯೇ ಇರಲಿ; ಒಮ್ಮೆ ಸುಟ್ಟುಹೋದ ಬಿಳುಪು ಮತ್ತೆ ಬಾರದು.

'ನಡುಹಗಲಲ್ಲಿ ಕ್ಯಾಮೆರಾ ಎತ್ತಬೇಡ' ಎಂಬ ಮಾತನ್ನು ಎಲ್ಲರೂ ಹೇಳಿಕೊಡುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಬಾಲಕೃಷ್ಣ ದೋಶಿ ವಿನ್ಯಾಸಗೊಳಿಸಿದ ಬೆಂಗಳೂರಿನ ಐಐಎಂಗೆ ಅನುಮತಿ ಪಡೆದು ಹೋಗಿ ನೋಡಿ. ಒರಟು ಕಣಶಿಲೆಯ ಗೋಡೆಗಳು, ಉದ್ದುದ್ದ ಓಣಿಗಳು, ಅವುಗಳ ಮೇಲೆ ಅಲ್ಲಲ್ಲಿ ತೆರೆದ ತೊಲೆಗಳ ಚಪ್ಪರ. ಬೆಳಗಿನ ಮೆದು ಬೆಳಕಿನಲ್ಲಿ ಆ ಓಣಿ ಬರೀ ಓಣಿ. ಸೂರ್ಯ ನೆತ್ತಿಗೆ ಬಂದಾಗ ತೊಲೆಗಳ ನೆರಳು ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಇಳಿಯುತ್ತದೆ, ಕಲ್ಲಿನ ಒರಟುತನಕ್ಕೆ ಜೀವ ಬರುತ್ತದೆ. ದೋಶಿ ಆ ಚಪ್ಪರ ಕಟ್ಟಿದ್ದು ನಮ್ಮ ಈ ಸುಡುಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡೇ. ಅದನ್ನು ತಪ್ಪಿಸಿ ತೆಗೆದರೆ ಅವರ ಉತ್ತರ ಮಾತ್ರ ಸಿಕ್ಕಿ, ಪ್ರಶ್ನೆ ಬಿಟ್ಟುಹೋದಂತೆ. ಚಂಡೀಗಢದ ಕಾಂಕ್ರೀಟಿಗೂ ಇದು ಅನ್ವಯಿಸುತ್ತದೆ. ಆ ನಗರವನ್ನು ವಿನ್ಯಾಸಗೊಳಿಸಿದ ಆರ್ಕಿಟೆಕ್ಟ್ ಲ ಕಾರ್ಬುಸಿಯೆಗಾಗಿ ಅಲ್ಲಿ ಫೋಟೊ ತೆಗೆದ ಲೂಸಿಯೆನ್ ಎರ್ವೆಯ ಚಿತ್ರಗಳಲ್ಲಿ ನೆರಳು ಕಡುಕಪ್ಪು, ಅಂಚು ಚೂರಿಯಷ್ಟು ಹರಿತ.

ಇದಕ್ಕೆ ಪೂರ್ತಿ ತದ್ವಿರುದ್ಧ ಸ್ಪೇನಿನ ಬಿಲ್ಬಾವೊ. 1997ರಲ್ಲಿ ತೆರೆದ ಗುಗೆನ್‌ಹೈಮ್ ಮ್ಯೂಸಿಯಂಗೆ ಫ್ರ್ಯಾಂಕ್ ಗೆಹ್ರಿ ಟೈಟಾನಿಯಂ ಹೊದಿಸಿದರು. ಸ್ಟೇನ್‌ಲೆಸ್ ಸ್ಟೀಲ್ ಆ ಊರಿನ ಮೋಡದ ಬೆಳಕಿನಲ್ಲಿ ಮಂಕಾಗುತ್ತದೆ, ಟೈಟಾನಿಯಂ ಬೆಚ್ಚಗಿರುತ್ತದೆ ಎಂಬುದು ಕಾರಣ. ಅಲ್ಲಿಗೆ ಹೋಗಿ ನೀಲಿ ಆಕಾಶಕ್ಕಾಗಿ ಹೋಟೆಲಿನಲ್ಲಿ ಕಾಯುವವರನ್ನು ಕಂಡರೆ ನನಗೆ ನಗು. ಮಳೆ ನಿಂತ ಮರುಗಳಿಗೆಯೇ ಆ ಕಟ್ಟಡದ ಹೊತ್ತು.

ಇನ್ನು ಮುಸ್ಸಂಜೆ. ಆಕಾಶದ ನೀಲಿಯೂ ಒಳಗಿನ ದೀಪವೂ ಸರಿಸಮ ಆಗುವ ಆ ಗಳಿಗೆಯ ಚಿತ್ರ ಇಲ್ಲದೆ ಯಾವ ಆರ್ಕಿಟೆಕ್ಟ್ ಕೂಡ ಬಿಡುವುದಿಲ್ಲ. ಸೂರ್ಯ ಮುಳುಗಿದ ಮೇಲೆ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗಿನ ಹೊತ್ತು ಬೆಂಗಳೂರಿನಲ್ಲಿ ಇಪ್ಪತ್ತೆರಡು ನಿಮಿಷದ ಆಸುಪಾಸು. ಭೂಮಧ್ಯರೇಖೆಯ ಹತ್ತಿರ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ. ಉತ್ತರಕ್ಕೆ ಹೋದಂತೆ ಓರೆಯಾಗಿ ಜಾರುತ್ತಾನೆ, ಹಾಗಾಗಿ ಜೂನ್‌ನಲ್ಲಿ ಲಂಡನ್‌ನ ಮುಸ್ಸಂಜೆ ನಮ್ಮದರ ಎರಡರಷ್ಟು ಉದ್ದ. ಹೆಲ್ಸಿಂಕಿಯಲ್ಲಂತೂ ಆ ತಿಂಗಳು ಕತ್ತಲೆ ಸರಿಯಾಗಿ ಆಗುವುದೇ ಇಲ್ಲ. 2018ರಲ್ಲಿ ತೆರೆದ ಅಲ್ಲಿನ ಓಓಡಿ ಗ್ರಂಥಾಲಯದ ಅಲೆಯಂಥ ಮರದ ಮುಂಭಾಗವನ್ನು ಬೇಸಿಗೆಯ ರಾತ್ರಿ ನಿಧಾನವಾಗಿ, ಜಾಗ ಬದಲಿಸಿ ಬದಲಿಸಿ ತೆಗೆಯಬಹುದು. ಇಲ್ಲಿ ಆ ಭಾಗ್ಯವಿಲ್ಲ. ಒಂದು ಸಂಜೆಗೆ ಒಂದೇ ಕೋನ; ಟ್ರೈಪಾಡ್ ಮೊದಲೇ ಊರಿ, ವಾಚ್‌ಮನ್‌ಗೆ ಹೇಳಿ ಎಲ್ಲ ಕೋಣೆಯ ದೀಪ ಹಾಕಿಸಿ, ಒಂದು ಕೋಣೆಯಲ್ಲಿ ಮಾತ್ರ ಬಿಳಿ ಟ್ಯೂಬ್‌ಲೈಟ್ ಉರಿಯುತ್ತಿಲ್ಲ ತಾನೆ ಎಂದು ನೋಡಿಕೊಂಡಿರಬೇಕು.

ಈ ಜಾತಿಯ ಚಿತ್ರಗಳಲ್ಲಿ ಜಗತ್ತೇ ನೋಡಿದ ಒಂದನ್ನು ಜೂಲಿಯಸ್ ಶುಲ್ಮನ್ 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೆಗೆದರು. ಪಿಯರ್ ಕೋನಿಗ್ ಕಟ್ಟಿದ ಗಾಜಿನ ಮನೆ ಗುಡ್ಡದಂಚಿನಿಂದ ಹೊರಚಾಚಿದೆ, ಒಳಗೆ ಇಬ್ಬರು ಯುವತಿಯರು ಹರಟುತ್ತ ಕೂತಿದ್ದಾರೆ, ಕೆಳಗೆ ಇಡೀ ಊರಿನ ದೀಪಗಳು. ನೋಡಿದರೆ ಒಂದೇ ಕ್ಷಣ ಎನಿಸುತ್ತದೆ. ಶುಲ್ಮನ್ ಮನೆಯ ದೀಪ ಆರಿಸಿ, ಊರಿನ ದೀಪಗಳಿಗಾಗಿ ಸುಮಾರು ಏಳು ನಿಮಿಷ ಶಟರ್ ತೆರೆದಿಟ್ಟು, ಆಮೇಲೆ ಅದೇ ಫಿಲ್ಮ್ ಮೇಲೆ ಫ್ಲ್ಯಾಶ್ ಬೆಳಗಿಸಿ ಆ ಹೆಣ್ಣುಮಕ್ಕಳನ್ನು ಹಿಡಿದರು. ಹಲವು ಎಕ್ಸ್‌ಪೋಷರ್‌ಗಳನ್ನು ಒಂದಾಗಿಸುವ ಇಂದಿನ ನಮ್ಮ ಅಭ್ಯಾಸ ಸಾಫ್ಟ್‌ವೇರ್ ಕೊಟ್ಟ ವರವೇನಲ್ಲ.

ಲೆನ್ಸ್ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳು ತುದಿಯಲ್ಲಿ ಒಂದಕ್ಕೊಂದು ಬಾಗುತ್ತವೆ. ಶಿಫ್ಟ್ ಲೆನ್ಸ್‌ನಲ್ಲಿ ಕ್ಯಾಮೆರಾ ನೆಟ್ಟಗೇ ಇರುತ್ತದೆ, ಲೆನ್ಸ್ ಮಾತ್ರ ಮೇಲಕ್ಕೆ ಸರಿಯುತ್ತದೆ, ಗೋಡೆ ನೇರ ನಿಲ್ಲುತ್ತದೆ. ನಾಲ್ಕೈದು ಮಹಡಿಗೆ ಇದು ಸಾಕು. 828 ಮೀಟರಿನ ಬುರ್ಜ್ ಖಲೀಫಾ ಮುಂದೆ ನಿಂತು ಶಿಫ್ಟ್ ಮಾಡುವುದು ವ್ಯರ್ಥ. ದೂರ ಹೋಗಬೇಕು, ಇಲ್ಲವೇ ಎದುರಿನ ಕಟ್ಟಡದ ಮೇಲಿನ ಮಹಡಿ ಹತ್ತಬೇಕು. ಇನ್ನೊಂದು ಮಾತು: ಎತ್ತರದ ಗೋಪುರವನ್ನು ಕಂಪ್ಯೂಟರ್‌ನಲ್ಲಿ ಪೂರ್ತಿ ನೇರ ಮಾಡಿದರೆ ತಲೆ ದೊಡ್ಡದಾಗಿ ಮುಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಚೂರು ಬಾಗು ಉಳಿಸಿ.

ಕಾನೂನು ಊರಿಂದೂರಿಗೆ ಬದಲಾಗುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ ಕಟ್ಟಡದ ಫೋಟೊ ತೆಗೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಆವರಣದೊಳಗೆ ಹೋಗುವ ಅನುಮತಿ ಬೇರೆ ಮಾತು. ಫ್ರಾನ್ಸ್‌ನಲ್ಲಿ 2016ರಿಂದ ಈ ಸ್ವಾತಂತ್ರ್ಯ ಖಾಸಗಿ ವ್ಯಕ್ತಿಗಳಿಗೆ, ವಾಣಿಜ್ಯೇತರ ಬಳಕೆಗೆ ಮಾತ್ರ ಇದೆ. ಹಣ ಪಡೆದು ಕೆಲಸ ಮಾಡುವವರು ಅಲ್ಲಿ ಮೊದಲೇ ಕಾಗದಪತ್ರ ಮಾಡಿಕೊಳ್ಳಬೇಕು. ಡ್ರೋನ್‌ಗೆ ನಮ್ಮಲ್ಲಿ 2021ರ ನಿಯಮಗಳಿವೆ, ಕೆಂಪು, ಹಳದಿ, ಹಸಿರು ವಲಯಗಳ ನಕ್ಷೆ ಇದೆ. ಎಚ್‌ಎಎಲ್, ಯಲಹಂಕ, ಜಕ್ಕೂರು ಮೂರೂ ಕಡೆ ವಿಮಾನ ಇಳಿಯುವ ಬೆಂಗಳೂರಿನಲ್ಲಿ ಆ ನಕ್ಷೆ ನೋಡದೆ ಡ್ರೋನ್ ಹೊರಗೆ ತೆಗೆಯಲೇಬಾರದು.

ಫ್ರೇಮಿನಲ್ಲಿ ಜನ ಇರಬೇಕೇ ಎಂಬುದು ನಮ್ಮ ಕಸುಬಿನ ಹಳೆಯ ಜಗಳ. ಗೃಹಪ್ರವೇಶಕ್ಕೂ ಮುಂಚೆ, ನೆಲ ಹೊಳೆಯುತ್ತಿರುವಾಗಲೇ ಚಿತ್ರ ಮುಗಿಸಿಬಿಡಬೇಕೆಂದು ಬಹಳ ಆರ್ಕಿಟೆಕ್ಟ್‌ಗಳ ಆಸೆ. ಡಚ್ ಛಾಯಾಗ್ರಾಹಕ ಇವಾನ್ ಬಾನ್ ಈ ರೂಢಿಯನ್ನು ಸಾಕಷ್ಟು ಅಲುಗಿಸಿದರು. ವೆನೆಜುವೆಲಾದ ಕರಾಕಸ್‌ನಲ್ಲಿ ಅರ್ಧಕ್ಕೆ ನಿಂತಿದ್ದ ಟೊರೆ ಡೇವಿಡ್ ಗೋಪುರದೊಳಗೆ ಜನ ತಾವೇ ಗೋಡೆ ಕಟ್ಟಿಕೊಂಡು ಸಂಸಾರ ಹೂಡಿದ್ದನ್ನು ಅವರು ಚಿತ್ರಿಸಿದರು. ಆ ಚಿತ್ರಗಳಿದ್ದ ಪ್ರದರ್ಶನಕ್ಕೆ 2012ರ ವೆನಿಸ್ ಬಿನಾಲೆ ಎಂಬ ವಾಸ್ತುಶಿಲ್ಪ ಮೇಳದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಬಂತು. ನಾನು ಬಾನ್ ಪಕ್ಷ. ಸಾಧ್ಯವಾದರೆ ವರ್ಷ ಬಿಟ್ಟು ಮತ್ತೆ ಹೋಗಬೇಕು. ಸಜ್ಜೆಯ ಕೆಳಗೆ ಮಳೆ ಇಳಿದ ಗುರುತು, ಜನ ಕೂರಲು ತಾವೇ ಆರಿಸಿಕೊಂಡ ಮೆಟ್ಟಿಲು, ಇವೆಲ್ಲ ಆಗಷ್ಟೇ ಕಾಣುವುದು.

ತೆಗೆದ ಚಿತ್ರದಿಂದ ಬೇಡದ್ದನ್ನು ಅಳಿಸುವ ಕೆಲಸದಲ್ಲೂ ನನ್ನದು ಇದೇ ನಿಲುವು. ನಿಂತ ಲಾರಿ, ಕಸದ ಚೀಲ, ಒಣಗಲು ಹಾಕಿದ ಮ್ಯಾಟ್ ಅಳಿಸುತ್ತೇನೆ. ಎಸಿ ಡಬ್ಬ, ಮಳೆನೀರಿನ ಪೈಪು, ಪಕ್ಕದ ಮನೆಯ ಗೋಡೆ ಅಳಿಸುವುದಿಲ್ಲ. ಹಠ ಎನಿಸಬಹುದು, ಆದರೆ ಕಾರಣವಿದೆ. ಮೀಸ್ ವಾನ್ ಡೆರ್ ರೋಹೆ 1929ರಲ್ಲಿ ಕಟ್ಟಿದ ಬಾರ್ಸಿಲೋನಾ ಪೆವಿಲಿಯನ್ ಎಂಬ ಪ್ರದರ್ಶನ ಮಂಟಪ ಮರುವರ್ಷವೇ ಬಿಚ್ಚಿಹೋಯಿತು. 1980ರ ದಶಕದಲ್ಲಿ ಅದನ್ನು ಮತ್ತೆ ಕಟ್ಟಲು ಹೊರಟವರು ಹಳೆಯ ನಕ್ಷೆಗಳ ಜೊತೆಗೆ ಕಪ್ಪುಬಿಳುಪು ಫೋಟೊಗಳನ್ನೇ ನೆಚ್ಚಬೇಕಾಯಿತು. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಅನ್ನು 2017ರ ಏಪ್ರಿಲ್‌ನಲ್ಲಿ ಕೆಡವಿದರು. ಆ ಕಾಂಕ್ರೀಟ್ ಹಂದರದಡಿ ಬೆಳಕು ಹೇಗೆ ಬೀಳುತ್ತಿತ್ತು ಎಂದು ನೋಡಬೇಕಾದವರಿಗೆ ಈಗ ಫೋಟೊಗಳೇ ಗತಿ. ಹೀಗಾಗಿ ನನ್ನ ಒಪ್ಪಂದದಲ್ಲಿ ಒಂದು ಸಾಲಿದೆ: ಕಟ್ಟಡಕ್ಕೆ ಅಂಟಿಕೊಂಡಿರುವುದನ್ನು ಚಿತ್ರದಿಂದ ತೆಗೆಯುವುದಿಲ್ಲ. ಅದನ್ನು ಓದಿ ಬೇರೆ ಫೋಟೊಗ್ರಾಫರ್‌ನನ್ನು ಕರೆದ ಆರ್ಕಿಟೆಕ್ಟ್‌ಗಳೂ ಇದ್ದಾರೆ.