ವೆಂಕಟಪ್ಪ ಚಿತ್ರಶಾಲೆ ಯಾರದು?

2016ರಲ್ಲಿ ಬೆಂಗಳೂರಿನ ಕಲಾವಿದರು ತಮ್ಮದೇ ಊರಿನ ಒಂದು ಚಿತ್ರಶಾಲೆಗಾಗಿ ಬೀದಿಗಿಳಿದರು. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು 'ದತ್ತು' ಕೊಡುವ, ಅಂದರೆ ಅದರ ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸುವ ಯೋಜನೆಯಡಿ ಪ್ರವಾಸೋದ್ಯಮ ಇಲಾಖೆ ಅದಕ್ಕೂ ಹಿಂದಿನ ವರ್ಷ ತಸ್ವೀರ್ ಫೌಂಡೇಶನ್ ಎಂಬ ಖಾಸಗಿ ಕಲಾಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ವಿಷಯ ಗೊತ್ತಾಗುತ್ತಿದ್ದಂತೆ ಕಲಾವಿದರು ಒಂದಾದರು. ನಮ್ಮನ್ನು ಒಂದು ಮಾತೂ ಕೇಳದೆ ಸಾರ್ವಜನಿಕರ ಆಸ್ತಿಯನ್ನು ಖಾಸಗಿಯವರ ಕೈಗೆ ಹೇಗೆ ಕೊಡ್ತೀರಿ ಅನ್ನೋದು ಅವರ ಪ್ರಶ್ನೆಯಾಗಿತ್ತು.

ಒಂದು ಹಳೇ ಕಟ್ಟಡಕ್ಕೆ ಇಷ್ಟು ಸಿಟ್ಟು ಯಾಕೆ ಬಂತು? ಅದು ತಿಳಿಯಬೇಕಾದರೆ ಮೊದಲು ವೆಂಕಟಪ್ಪನವರ ಕಥೆ ಗೊತ್ತಿರಬೇಕು.

ಕೆ. ವೆಂಕಟಪ್ಪ 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಅವರದು ಅರಮನೆಗೆ ಚಿತ್ರ ಬರೆದುಕೊಡುತ್ತಿದ್ದ ಮನೆತನ. ಹುಡುಗನ ಕೈಚಳಕ ನೋಡಿ ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತಾಗೆ ಓದಲು ಕಳಿಸಿದರು. ಅಲ್ಲಿ ಬಂಗಾಳದ ಹೆಸರಾಂತ ಚಿತ್ರಕಾರ ಅವನೀಂದ್ರನಾಥ ಠಾಕೂರರೇ ಗುರು. ಮುಂದೆ ದೊಡ್ಡ ಚಿತ್ರಕಾರರಾದ ನಂದಲಾಲ್ ಬೋಸ್ ಜೊತೆಯಲ್ಲಿ ಕಲಿತವರು. ಸೋದರಿ ನಿವೇದಿತಾ ಮತ್ತು ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿಯವರ ಪುರಾಣ ಕಥೆಗಳ ಪುಸ್ತಕ 1913ರಲ್ಲಿ ಬಂದಾಗ ಅದರಲ್ಲಿ ವೆಂಕಟಪ್ಪನವರ ಚಿತ್ರಗಳೂ ಇದ್ದವು.

ಅವರು ಕಲ್ಕತ್ತಾದಲ್ಲೇ ಉಳಿದಿದ್ದರೆ ಇಡೀ ದೇಶಕ್ಕೆ ಇನ್ನೂ ಜಾಸ್ತಿ ಪರಿಚಿತರಾಗುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಆದರೆ ಅವರು ಮೈಸೂರಿಗೇ ವಾಪಸ್ ಬಂದರು. ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಮದುವೆಯಾಗಲಿಲ್ಲ. ಕಲೆಯ ವಿಷಯದಲ್ಲಿ ಯಾರ ಮಾತಿಗೂ ಬಗ್ಗುವ ಜಾಯಮಾನ ಅವರದಲ್ಲ.

ಚಿತ್ರಶಾಲೆಯ ಸಂಗ್ರಹದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಊಟಿಯ ಚಿತ್ರಗಳು. ಇವು 1926ರ ಸುಮಾರಿನ ಜಲವರ್ಣ ಚಿತ್ರಗಳು. ಕಲ್ಕತ್ತಾದ ಶೈಲಿಯಲ್ಲಿ ಕಾಗದವನ್ನು ಮತ್ತೆಮತ್ತೆ ತೋಯಿಸಿ ಬಣ್ಣವನ್ನು ಮಸುಕು ಮಾಡುತ್ತಿದ್ದರು. ಊಟಿಗೆ ಬಂದ ವೆಂಕಟಪ್ಪ ಆ ಮಸುಕನ್ನು ಬಿಟ್ಟುಬಿಟ್ಟರು. ಗುಡ್ಡದ ಮಡಿಕೆ, ಮರಗಳ ಸಾಲು, ಮೋಡದ ಅಂಚು ಎಲ್ಲವೂ ಸಣ್ಣ ಕುಂಚದಲ್ಲಿ ಬಿಡಿಬಿಡಿಯಾಗಿ ಮೂಡಿವೆ. ಹತ್ತಿರ ಹೋಗಿ ನೋಡಿದರೂ ಗೆರೆ ಎಲ್ಲೂ ಒರಟಾಗುವುದಿಲ್ಲ. ಬೆಳಗಿನ ಬೆಳಕೇ ಬೇರೆ, ಸಂಜೆಯದೇ ಬೇರೆ, ಬೆಳದಿಂಗಳದೇ ಬೇರೆ. ಈ ವ್ಯತ್ಯಾಸ ಫೋಟೋದಲ್ಲಿ ಸಿಗುವುದಿಲ್ಲ, ಎದುರಿಗೇ ನಿಂತು ನೋಡಬೇಕು.

ಇನ್ನೊಂದು ಕಡೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಶಿಲ್ಪಗಳಿವೆ. ಈ ಕೆಲಸದ ಹಿಂದೆ ನೋವಿನ ಕಥೆಯಿದೆ. ಅರಮನೆಗಾಗಿ ಉಬ್ಬುಶಿಲ್ಪ ಮಾಡಿಕೊಡಲು ನಾಲ್ವಡಿಯವರು ವೆಂಕಟಪ್ಪನವರಿಗೆ ಹೇಳಿದ್ದರು. 1940ರಲ್ಲಿ ಮಹಾರಾಜರು ತೀರಿಕೊಂಡರು. ಕೆಲಸ ಅರ್ಧಕ್ಕೇ ನಿಂತಿತು. ದುಡ್ಡಿನ ವಿಚಾರದಲ್ಲಿ ಅರಮನೆಯ ಮೇಲೆ ಕೋರ್ಟಿಗೆ ಹೋಗುವ ಮಟ್ಟಕ್ಕೆ ಮನಸ್ಸು ಮುರಿಯಿತು. ಆಮೇಲೆ ಬೆಂಗಳೂರಿಗೆ ಬಂದ ವೆಂಕಟಪ್ಪ 1965ರಲ್ಲಿ ಇಲ್ಲೇ ಕಣ್ಮುಚ್ಚಿದರು.

ಅವರ ನೆನಪಿಗೆ ಸರ್ಕಾರ ಕಟ್ಟಿಸಿದ್ದು ಈ ಗ್ಯಾಲರಿ. ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಹತ್ತೊಂಬತ್ತನೇ ಶತಮಾನದ ಕೆಂಪು ಮ್ಯೂಸಿಯಂ ಪಕ್ಕದಲ್ಲೇ, 1970ರ ದಶಕದಲ್ಲಿ ಇದು ಎದ್ದು ನಿಂತಿತು. ಒಬ್ಬನೇ ಕಲಾವಿದನ ಇಷ್ಟೊಂದು ಕೆಲಸ ಚದುರಿಹೋಗದೆ ಅದೇ ಊರಿನಲ್ಲಿ, ಯಾರು ಬೇಕಾದರೂ ಬಂದು ನೋಡುವಂತೆ ಉಳಿದಿರುವುದು ಸಣ್ಣ ಮಾತಲ್ಲ. ಮುಂದೆ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಹೆಸರು ಮಾಡಿದ ಕೆ.ಕೆ. ಹೆಬ್ಬಾರರ ಚಿತ್ರಗಳೂ ಇಲ್ಲಿಗೆ ಸೇರಿದವು. ಶಿಲ್ಪಿ ರಾಜಾರಾಂ ಅವರ ಕೆಲಸಗಳೂ ಇವೆ.

ಆದರೆ ಪ್ರತಿಭಟನೆಗೆ ಬಂದವರ ಮನಸ್ಸಿನಲ್ಲಿ ಇದ್ದದ್ದು ಈ ಸಂಗ್ರಹ ಮಾತ್ರವಲ್ಲ. ಚಿತ್ರಶಾಲೆಯಲ್ಲಿ ಬಾಡಿಗೆಗೆ ಸಿಗುವ ಹಾಲ್‌ಗಳಿದ್ದವು. ಬಾಡಿಗೆ ಕಡಿಮೆಯಿತ್ತು. ಕಲಾಶಾಲೆ ಮುಗಿಸಿ ಬಂದ, ಕೈಯಲ್ಲಿ ಕಾಸಿಲ್ಲದ ಹುಡುಗ ಹುಡುಗಿಯರು ಮೊದಲ ಪ್ರದರ್ಶನ ಮಾಡಿದ್ದು ಇಲ್ಲಿ. ಖಾಸಗಿ ಗ್ಯಾಲರಿಯ ಬಾಗಿಲು ತಟ್ಟಲು ಹಿಂಜರಿಯುವ ಹಳ್ಳಿಯ ಕಲಾವಿದರಿಗೂ ಇಲ್ಲಿ ಗೋಡೆ ಸಿಗುತ್ತಿತ್ತು. ಆಡಳಿತ ಕೈ ಬದಲಾದರೆ ಯಾರ ಚಿತ್ರ ತೂಗುಹಾಕಬೇಕು ಅನ್ನುವುದನ್ನೂ ಬೇರೆಯವರೇ ನಿರ್ಧರಿಸುತ್ತಾರೆ ಅನ್ನೋ ಭಯ ಅವರಿಗಿತ್ತು. ಭಯ ನ್ಯಾಯವಾದದ್ದೇ ಅಲ್ವಾ?

ಹಾಗಂತ ಎಲ್ಲ ಚೆನ್ನಾಗಿತ್ತು ಅಂತ ಕಲಾವಿದರೂ ಹೇಳಲಿಲ್ಲ. ದುರಸ್ತಿ ಬೇಕಿತ್ತು. ಕಾಗದದ ಮೇಲಿನ ಜಲವರ್ಣಕ್ಕೆ ತೇವ ಆಗದು, ಜೋರು ಬೆಳಕೂ ಆಗದು. ಆ ಕಾಳಜಿ ಸರ್ಕಾರವೇ ಮಾಡಲಿ, ತಿಳಿದವರನ್ನು ಸೇರಿಸಿಕೊಂಡು ಮಾಡಲಿ ಅನ್ನೋದು ಅವರ ವಾದ. ಹೋರಾಟ ಸುಮ್ನೆ ಘೋಷಣೆ ಕೂಗುವುದಕ್ಕೆ ನಿಲ್ಲಲಿಲ್ಲ. ಚಿತ್ರ, ಪ್ರದರ್ಶನ, ಚರ್ಚೆಗಳೂ ನಡೆದವು.

ಕೊನೆಗೆ ಚಿತ್ರಶಾಲೆ ತಸ್ವೀರ್ ಕೈಗೆ ಹೋಗಲಿಲ್ಲ. ತಸ್ವೀರ್‌ನವರ ಖಾಸಗಿ ಕಲಾಸಂಗ್ರಹಕ್ಕೆ ಕಸ್ತೂರ್ಬಾ ರಸ್ತೆಯಲ್ಲೇ ಹೊಸ ಕಟ್ಟಡ ಎದ್ದಿತು. 2023ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಎಂಬ ಹೆಸರಲ್ಲಿ ಅದು ಜನರಿಗೆ ತೆರೆಯಿತು. ಇಬ್ಬರಿಗೂ ಒಂದೇ ರಸ್ತೆಯಲ್ಲಿ ಜಾಗವಿತ್ತು ಅನ್ನುವುದು ಆಮೇಲೆ ಕಂಡಿತು.