ಟೇರ್ ತೂಕ ಅಂದ್ರೇನು? ರೈಲು ಹತ್ತಿದ ಕಾರಿನ ಮೈಲೇಜ್ ಲೆಕ್ಕ

ಗೂಡ್ಸ್ ವ್ಯಾಗನ್ ಮೈಮೇಲೆ ಬಣ್ಣದಲ್ಲಿ ಒಂದೆರಡು ತೂಕ ಬರೆದಿರ್ತಾರೆ, ಅದ್ರಲ್ಲಿ ಒಂದು ಟೇರ್, ಅಂದ್ರೆ ಒಳಗೆ ಏನೂ ಇಲ್ದೇ ಇದ್ದಾಗ ವ್ಯಾಗನ್ನಿಂದೇ ತೂಕ. ಕಾರು ಓಡಿಸ್ಕೊಂಡು ಹೋಗೋದಕ್ಕಿಂತ ರೈಲಿಗೆ ಹತ್ತಿಸಿ ಕಳಿಸಿದ್ರೆ ಎಷ್ಟು ಇಂಧನ ಉಳಿಯುತ್ತೆ ಅಂತ ಲೆಕ್ಕ ಹಾಕೋವಾಗ ಬಹಳ ಜನ ಮರೆತುಬಿಡೋದು ಇದನ್ನೇ.

ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ ಸಲೀಸಾಗಿ ಉರುಳುತ್ತೆ, ಅದು ನಿಜ. ರಬ್ಬರ್ ಟೈರು ನೆಲಕ್ಕೆ ತಾಗಿದ ಕಡೆಯೆಲ್ಲ ಅಮುಕಿಕೊಂಡು ಮತ್ತೆ ಉಬ್ಬುತ್ತೆ, ಪ್ರತಿ ಸುತ್ತಿಗೂ ಅದೇ ಕಥೆ, ಆ ಶಕ್ತಿ ಬಿಸಿಯಾಗಿ ಹೋಗುತ್ತೆ, ದೂರ ಓಡಿಸಿ ನಿಲ್ಲಿಸಿದ್ಮೇಲೆ ಟೈರು ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ. ಒಂದೂವರೆ ಟನ್ ಕಾರನ್ನ ಟೈರ್ ಮೇಲೆ ಉರುಳಿಸೋಕೆ ಸುಮಾರು 15 ಕೆಜಿ ಭಾರದಷ್ಟು ಬಲ ಬೇಕು, ಅಷ್ಟೇ ತೂಕಕ್ಕೆ ಹಳಿ ಮೇಲೆ ಎರಡು ಮೂರು ಕೆಜಿ ಸಾಕು.

ಆದ್ರೆ ಹಳಿ ಮೇಲೆ ಕಾರು ಒಂದೇ ಹೋಗಲ್ವಲ್ಲ. 45 ಟನ್ ಟೇರ್ ಇರೋ ಮೂರಂತಸ್ತಿನ ವ್ಯಾಗನ್ನಲ್ಲಿ 15 ಕಾರು ತುಂಬಿದ್ದಾರೆ ಅಂತ ಇಟ್ಕೊಳ್ಳಿ, ಒಂದೊಂದು ಕಾರಿನ ಪಾಲಿಗೂ 3 ಟನ್ ಕಬ್ಬಿಣ ಬಂತು, ಕಾರೂ ಸೇರಿ ನಾಲ್ಕೂವರೆ ಟನ್, ಬೇಕಾಗೋ ಬಲ ಸುಮಾರು 7 ಕೆಜಿ. ಆಗ್ಲೂ ರೈಲೇ ಮುಂದೆ. ಅದೇ ವ್ಯಾಗನ್ನಲ್ಲಿ ಬರೀ 5 ಕಾರು ಇದ್ರೆ? ತಲಾ ಹತ್ತೂವರೆ ಟನ್ ಆಗುತ್ತೆ, ಬಲ ಮತ್ತೆ 15 ಕೆಜಿ ಹತ್ರ ಬಂದು ನಿಲ್ಲುತ್ತೆ, ಉರುಳೋದ್ರಲ್ಲಿ ಇದ್ದ ಲಾಭ ಪೂರ್ತಿ ಹೋಯ್ತು!

ಗಾಳಿಯ ತಡೆ ಬೇರೆ ಇದೆ. ಗಂಟೆಗೆ 100 ಕಿಮೀ ಓಡೋ ಕಾರಿಗೆ ಟೈರಿಗಿಂತ ಗಾಳಿಯೇ ದೊಡ್ಡ ಹೊರೆ, ರೈಲಲ್ಲಿ ಹಿಂದಿನ ವ್ಯಾಗನ್ಗಳು ಮುಂದಿನದರ ಮರೆಯಲ್ಲಿ ಹೋಗೋದ್ರಿಂದ ಅಲ್ಲಿ ಒಳ್ಳೇ ಉಳಿತಾಯ ಇದೆ.

ನನಗನ್ನಿಸೋ ಹಾಗೆ ಹೊಸ ಕಾರುಗಳನ್ನ ಫ್ಯಾಕ್ಟರಿಯಿಂದ ರೈಲಲ್ಲಿ ಸಾಗಿಸೋದನ್ನೂ, ಜನ ತಮ್ಮ ಕಾರಿನ ಜೊತೆ ತಾವೂ ರೈಲಲ್ಲಿ ಹೋಗೋದನ್ನೂ ಒಂದೇ ತಕ್ಕಡೀಲಿ ಇಡಬಾರದು. ಅಮೆರಿಕದಲ್ಲಿ ವರ್ಜೀನಿಯಾದ ಲಾರ್ಟನ್ನಿಂದ ಫ್ಲೋರಿಡಾದ ಸ್ಯಾನ್‌ಫರ್ಡ್‌ಗೆ ಆಮ್‌ಟ್ರಾಕ್‌ ಅನ್ನೋ ಪ್ಯಾಸೆಂಜರ್ ರೈಲು ಕಂಪನಿಯವರ ಆಟೋ ಟ್ರೇನ್ ಇದೆ, ಸುಮಾರು 1375 ಕಿಮೀ, ರಾತ್ರಿ ಪ್ರಯಾಣ. ಅದ್ರಲ್ಲಿ ಕಾರಿನ ವ್ಯಾಗನ್ ಜೊತೆಗೆ ಮಲಗೋ ಬೋಗಿ, ಊಟದ ಬೋಗಿ ಎಲ್ಲಾ ಎಳೀಬೇಕು, ಆ ಬೋಗಿಗಳ ತೂಕವೂ ಒಂದೊಂದು ಕಾರಿನ ಪಾಲಿಗೇ ಬರುತ್ತೆ. ಒಬ್ಬರೋ ಇಬ್ಬರೋ ಒಂದು ಕಾರಿನ ಜೊತೆ ಹೋದ್ರೆ ಒಂದು ಲೆಕ್ಕ, ಕಾರಿನ ತುಂಬ ಐದು ಜನ ಇದ್ರೆ ಬೇರೆಯದೇ ಲೆಕ್ಕ. ಫ್ಯಾಕ್ಟರಿ ಕಾರಿನ ರೈಲಿಗೆ ಈ ತಾಪತ್ರಯ ಇಲ್ಲ, ಆದ್ರೆ ಕಾರು ಇಳಿಸಿದ ವ್ಯಾಗನ್ ಖಾಲಿ ವಾಪಸ್ ಬಂದ್ರೆ ಆ 45 ಟನ್ ಎಳೆದ ಡೀಸೆಲ್ಲನ್ನೂ ಹೋದ ಕಾರುಗಳ ಖಾತೆಗೇ ಬರೀಬೇಕು.